ಇಡೀ ಮನೆಯವರನ್ನೇ ಜೈಲಿಗೆ ಕಳಿಸಿದ ಕೇಸುಗಳು: ಹೊರಗೆ ಬಂದ ಮೇಲೆ ಏನಾಯಿತು?

ಮೂರನೇಬೆಂಚು:

ಒಂದು ವಾರದಿಂದ ಮ್ಯಾಗ್ವೈರ್ ಕುಟುಂಬದ ಕೇಸು ಓದುತ್ತಾ ಕೂತಿದ್ದೇನೆ. ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1974ರ ಅಕ್ಟೋಬರ್ 5. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿಯಿತು. ಐದು ಜನ ಸತ್ತರು. ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎಯ ಕೆಲಸ. ಪೊಲೀಸರ ಮೇಲೆ ವಿಪರೀತ ಒತ್ತಡ. ಅದೇ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಜೆರ್ರಿ ಕಾನ್ಲನ್ ಅನ್ನೋ ಹುಡುಗನನ್ನು ಹಿಡಿದರು. ವಿಚಾರಣೆಯಲ್ಲಿ ಅವನು ತಪ್ಪೊಪ್ಪಿಗೆಗೆ ಸಹಿ ಹಾಕಿದ. ಅದರಲ್ಲಿ ಅವನ ಅತ್ತೆ ಆನಿ ಮ್ಯಾಗ್ವೈರ್ ಹೆಸರೂ ಇತ್ತು. ಸೋದರಮಾವನ ಹೆಂಡತಿ.

ಡಿಸೆಂಬರ್ 3ರ ಸಂಜೆ ಪೊಲೀಸರು ಲಂಡನ್‌ನಲ್ಲಿ ಆನಿಯ ಮನೆಗೆ ಬಂದರು. ಆ ಹೊತ್ತಿಗೆ ಆ ಮನೆಯಲ್ಲಿ ಯಾರ್ಯಾರು ಇದ್ದರು ನೋಡಿ. ಆನಿಯ ಗಂಡ, ಮಕ್ಕಳು, ಆನಿಯ ಸಹೋದರ. ಜೆರ್ರಿಯ ಅಪ್ಪ ಜ್ಯೂಸೆಪೆ, ಮಗನಿಗೆ ವಕೀಲರನ್ನು ಹುಡುಕೋಣ ಅಂತ ಅವತ್ತೇ ಬೆಲ್‌ಫಾಸ್ಟ್‌ನಿಂದ ಬಂದಿಳಿದಿದ್ದರು. ಉಸಿರಾಟದ ಕಾಯಿಲೆಯವರು. ಇನ್ನೊಬ್ಬರು ಪರಿಚಯದವರು, ಹೆಂಡತಿ ಆಸ್ಪತ್ರೆಯಲ್ಲಿದ್ದ ಕಾರಣ ತಮ್ಮ ಮಕ್ಕಳನ್ನು ಆನಿಯ ಹತ್ತಿರ ಬಿಡಲು ಬಂದವರು. ಮನೆಯಲ್ಲಿ ಸ್ಫೋಟಕ ಸಿಗಲಿಲ್ಲ. ಆದರೂ 1976ರ ಮಾರ್ಚ್‌ನಲ್ಲಿ ಸ್ಫೋಟಕ ಇಟ್ಟುಕೊಂಡಿದ್ದರು ಅಂತ ಏಳು ಜನಕ್ಕೂ ಶಿಕ್ಷೆ ಆಯಿತು. ಗಂಡ ಹೆಂಡತಿಗೆ 14 ವರ್ಷ. ಶಿಕ್ಷೆಯಾದ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನಿಗೆ 5. ಬಂಧನದ ಹೊತ್ತಿಗೆ 13 ವಯಸ್ಸಾಗಿದ್ದ ಚಿಕ್ಕವನಿಗೆ 4 ವರ್ಷ.

ನನಗೆ ಕಾಡುವುದು ಆ ಮಕ್ಕಳನ್ನು ಬಿಡಲು ಬಂದ ಮನುಷ್ಯ. ಹತ್ತು ನಿಮಿಷ ತಡವಾಗಿ ಬಂದಿದ್ದರೆ? ಅಥವಾ ಬೇಗ ಎದ್ದು ಹೋಗಿದ್ದರೆ?

ಇಂಥ ಬೇರೆ ಕೇಸುಗಳು ಗೊತ್ತಿದ್ದವರು ಬರೆಯಿರಿ. ಒಬ್ಬನ ಮೇಲಲ್ಲ, ಇಡೀ ಕುಟುಂಬದ ಮೇಲೆ ಬಿದ್ದಂಥವು.

ಪ್ರಯೋಗಶಾಲೆ:

ಈ ಕೇಸನ್ನು ನಾನು ಬೇರೆ ದಾರಿಯಿಂದ ಓದಿದವನು. ರಸಾಯನಶಾಸ್ತ್ರ ನನ್ನ ಹೊಟ್ಟೆಪಾಡು.

ಏಳು ಜನರ ಮೇಲಿದ್ದ ಸಾಕ್ಷಿ ಅಂದರೆ ಗುಲಾಬಿ ಚುಕ್ಕೆ. ಅಷ್ಟೇ. ಕೈ ಒರೆಸಿದ ಹತ್ತಿ, ಉಗುರಿನ ಕೆಳಗಿಂದ ಕೆರೆದು ತೆಗೆದ ಕೊಳೆ. ಅದನ್ನು ಕರಗಿಸಿ, ತೆಳು ಲೇಪನ ಇರುವ ಪ್ಲೇಟಿನ ಬುಡದಲ್ಲಿ ಒಂದು ತೊಟ್ಟು ಇಡುತ್ತಾರೆ. ದ್ರಾವಕ ನಿಧಾನಕ್ಕೆ ಮೇಲೇರುತ್ತದೆ, ಜೊತೆಗೆ ಆ ವಸ್ತುವೂ ಏರುತ್ತದೆ. ಆಮೇಲೆ ಸ್ಪ್ರೇ ಹೊಡೆದರೆ ಚುಕ್ಕೆಗೆ ಬಣ್ಣ ಬರುತ್ತದೆ. ನೈಟ್ರೊಗ್ಲಿಸರಿನ್ ಅನ್ನೋ ಸ್ಫೋಟಕ ಇದ್ದರೆ ಇಷ್ಟು ಎತ್ತರದಲ್ಲಿ ಗುಲಾಬಿ. ಥಿನ್ ಲೇಯರ್ ಕ್ರೊಮ್ಯಾಟೊಗ್ರಫಿ ಅನ್ನುತ್ತಾರೆ. ಕಾಲೇಜಿನ ಲ್ಯಾಬ್‌ನಲ್ಲಿ ನಾವೆಲ್ಲ ಮಾಡಿದ್ದೇವೆ, ಅದರಲ್ಲಿ ಎಷ್ಟು ಸಲ ಮೂರ್ಖರಾಗಿದ್ದೇವೆ ಅನ್ನುವುದೂ ಗೊತ್ತು.

ತೊಂದರೆ ಏನೆಂದರೆ, ಅವರು ಬಳಸಿದ ದ್ರಾವಕದಲ್ಲಿ ಪಿಇಟಿಎನ್ ಅನ್ನೋ ಇನ್ನೊಂದು ಸ್ಫೋಟಕವೂ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಏರುತ್ತದೆ. ಅಂದರೆ "ಇದು ನೈಟ್ರೊಗ್ಲಿಸರಿನ್ನೇ, ಬೇರೆ ಯಾವುದೂ ಅಲ್ಲ" ಅಂತ ಕೋರ್ಟಿನಲ್ಲಿ ಹೇಳುವ ಹಾಗೇ ಇರಲಿಲ್ಲ. ಮಾದರಿ ಎಲ್ಲ ಮೊದಲ ಪರೀಕ್ಷೆಯಲ್ಲೇ ಖರ್ಚಾಗಿತ್ತು, ಇನ್ನೊಂದು ವಿಧಾನದಲ್ಲಿ ತಾಳೆ ನೋಡಲು ಏನೂ ಉಳಿದಿರಲಿಲ್ಲ.

ಇನ್ನೂ ಒಂದಿದೆ. ಆನಿಯ ಕೈ ಮತ್ತು ಉಗುರಿನಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಆಕೆ ಮನೆಗೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಪ್ಲಾಸ್ಟಿಕ್ ಕೈಗವಸಿನಲ್ಲಿ. ಕೈಗೆ ಅಂಟದಿದ್ದರೆ "ಗವಸು ಹಾಕಿಕೊಂಡಿದ್ದಳು", ಗವಸಿಗೆ ಅಂಟಿದ್ದರೆ "ನೋಡಿ, ಸಿಕ್ಕಿತು". ಎರಡು ಕಡೆಯಿಂದಲೂ ಸಿಕ್ಕಿಹಾಕಿಕೊಳ್ಳುವ ಬಲೆ. ಅಡುಗೆಮನೆಯ ಸಿಂಕಿನ ಪಕ್ಕ ನೇತಾಡುವ ಒಂದು ಜೊತೆ ಗವಸಿಗೆ 14 ವರ್ಷ!

ಕಪ್ಪುಕೋಟು:

ಪ್ರಯೋಗಶಾಲೆ ಸರ್, ಚೆನ್ನಾಗಿ ಹೇಳಿದಿರಿ. ಮುಂದಿನ ಕಥೆ ವಕೀಲನಾಗಿ ನಾನು ಹೇಳುತ್ತೇನೆ, ಏಕೆಂದರೆ ಜನ ಸಾಮಾನ್ಯವಾಗಿ "1991ರಲ್ಲಿ ಬಿಡುಗಡೆ" ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಅದು ಬಿಡುಗಡೆಯೇ ಅಲ್ಲ. 1991ರ ಜೂನ್ 26ಕ್ಕೆ ಶಿಕ್ಷೆ ರದ್ದಾಗುವ ಹೊತ್ತಿಗೆ ಎಲ್ಲರೂ ಪೂರ್ತಿ ಜೈಲು ಅನುಭವಿಸಿ ಹೊರಗೆ ಬಂದಾಗಿತ್ತು. ಆನಿ ಬಂದಿದ್ದು 1985ರಲ್ಲಿ. ಜ್ಯೂಸೆಪೆ ಬರಲೇ ಇಲ್ಲ, 1980ರ ಜನವರಿಯಲ್ಲಿ ಕೈದಿಯಾಗಿಯೇ ತೀರಿಕೊಂಡರು. ಮಗ ಜೆರ್ರಿ ಸೇರಿ ಗಿಲ್ಡ್‌ಫರ್ಡ್ ಕೇಸಿನ ನಾಲ್ವರು 1989ರ ಅಕ್ಟೋಬರ್‌ನಲ್ಲಿ ಹೊರಬಂದರು. ಅವರ ತಪ್ಪೊಪ್ಪಿಗೆಯ ಟಿಪ್ಪಣಿಗಳನ್ನು ಪೊಲೀಸರು ತಿದ್ದಿದ್ದಾರೆ ಅಂತ ಆಗ ಬಯಲಾಗಿತ್ತು. ಅದಾದ ಮೇಲೆ ನ್ಯಾಯಮೂರ್ತಿ ಜಾನ್ ಮೇ ವಿಚಾರಣೆ ನಡೆಸಿದರು, ಆಗ ಈ ಏಳು ಜನರ ಕಡತವೂ ಮತ್ತೆ ತೆರೆಯಿತು.

ಈಗ ಮುಖ್ಯವಾದ ಮಾತು. ಮೇಲ್ಮನವಿ ಕೋರ್ಟು ಯಾವ ಕಾರಣಕ್ಕೆ ಶಿಕ್ಷೆ ರದ್ದು ಮಾಡಿತು ಗೊತ್ತಾ? "ಇವರು ನಿರಪರಾಧಿಗಳು" ಅಂತಲ್ಲ. ಒಂದೇ ಟವಲ್‌ನಲ್ಲಿ ಕೈ ಒರೆಸಿಕೊಂಡಂಥ ಸಂದರ್ಭದಲ್ಲಿ, ಏನೂ ಅರಿಯದವರ ಕೈಗೂ ನೈಟ್ರೊಗ್ಲಿಸರಿನ್ ಅಂಟಿರಬಹುದು, ಆ ಸಾಧ್ಯತೆ ತಳ್ಳಿಹಾಕಲು ಆಗುವುದಿಲ್ಲ ಅಂತ. ಬೇರೆ ವಾದಗಳನ್ನು ಒಪ್ಪಲಿಲ್ಲ. ಈ ಮಾತನ್ನು ಬಿಡಿಸಿ ನೋಡಿ. ಟವಲ್‌ಗೆ ಎಲ್ಲಿಂದ ಬಂತು? ಅಂದರೆ ಆ ಮನೆಯಲ್ಲಿ ಯಾರೋ ಒಬ್ಬರ ಕೈಯಲ್ಲಿ ಇತ್ತು ಅನ್ನುವ ಅನುಮಾನ ಹಾಗೇ ಉಳಿಯಿತು. ಏಳು ಜನರನ್ನೂ ಬಿಟ್ಟರು, ಮನೆಯನ್ನು ಮಾತ್ರ ಬಿಡಲಿಲ್ಲ.

ಪೂರ್ತಿಯಾಗಿ, ಎಲ್ಲರ ಮುಂದೆ ಇವರು ನಿರ್ದೋಷಿಗಳು ಅನ್ನಬೇಕು ಎಂದು ಪ್ರಧಾನಿ ಟೋನಿ ಬ್ಲೇರ್ ಹೇಳಿ ಕ್ಷಮೆ ಕೇಳಿದ್ದು 2005ರ ಫೆಬ್ರವರಿಯಲ್ಲಿ. ಬಂಧನವಾಗಿ 30 ವರ್ಷ ಆಗಿತ್ತು.

ನೇರಮಾತು:

ಎಲ್ಲ ಸರಿ. ಆದರೆ ಒಂದು ಮಾತು ಹೇಳಲೇಬೇಕು, ಬೈಯ್ಯಬೇಡಿ. ನೂರಾರು ಕೇಸಲ್ಲಿ ಒಂದೆರಡು ಹೀಗೆ ಆಗಿರಬಹುದು. ಅದನ್ನೇ ಹಿಡಿದುಕೊಂಡು "ಪಾಪ ಆರೋಪಿಗಳು" ಅಂತ ಹೊರಟರೆ ಸತ್ತವರ ಮನೆಯವರ ಗತಿ ಏನು? ಬೆಂಕಿ ಇಲ್ಲದೆ ಹೊಗೆ ಬರುವುದಿಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಮೂರನೇಬೆಂಚು:

ಬೈಯ್ಯೋದಿಲ್ಲ ಮಾರಾಯ್ರೇ. ಆದರೆ ಸತ್ತವರ ಮಾತು ನೀವೇ ಎತ್ತಿದಿರಿ, ಅದಕ್ಕೆ ಹೇಳುತ್ತೇನೆ. 1975ರ ಡಿಸೆಂಬರ್‌ನಲ್ಲಿ ಲಂಡನ್‌ನ ಬಾಲ್ಕೋಂಬ್ ಸ್ಟ್ರೀಟ್‌ನಲ್ಲಿ ಐಆರ್‌ಎಯ ಒಂದು ತಂಡ ಸಿಕ್ಕಿಬಿತ್ತು. ಗಿಲ್ಡ್‌ಫರ್ಡ್ ಬಾಂಬ್ ನಾವು ಇಟ್ಟಿದ್ದು, ಒಳಗಿರುವವರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಆ ತಂಡದವರೇ ಹೇಳಿದರು. ಅವರ ಮೇಲೆ ಬೇರೆ ಕೇಸು ನಡೆದವು, ಗಿಲ್ಡ್‌ಫರ್ಡ್ ಕೇಸು ಮಾತ್ರ ಹಾಕಲೇ ಇಲ್ಲ. ಹಾಕಿದರೆ ಒಳಗಿದ್ದವರನ್ನು ಬಿಡಬೇಕಲ್ಲ! ತಪ್ಪು ಜನರನ್ನು ಹಿಡಿದಿದ್ದರಿಂದ ಆ ಐವರ ಮನೆಯವರಿಗೂ ನ್ಯಾಯ ಸಿಗಲಿಲ್ಲ. ನೀವು ಹೇಳುವ ಎರಡು ಗುಂಪು ಎದುರುಬದುರು ನಿಂತಿಲ್ಲ, ಒಂದೇ ಕಡೆ ಇವೆ.

ನಡುರಾತ್ರಿ:

ಹೊಗೆಯ ಮಾತು ಬಂತಲ್ಲ, ಚೇಂಬರ್ಲೇನ್ ಕೇಸು ಹೇಳುತ್ತೇನೆ. ಅಲ್ಲಿ ಹೊಗೆ ಹಾಕಿದ್ದೇ ಜನ.

1980ರ ಆಗಸ್ಟ್ 17. ಆಸ್ಟ್ರೇಲಿಯಾದ ಉಲೂರು ಬಂಡೆಯ ಹತ್ತಿರ ಟೆಂಟ್ ಹಾಕಿದ್ದ ಸಂಸಾರ. ಒಂಬತ್ತು ವಾರದ ಕೂಸು ಅಝಾರಿಯಾ ಟೆಂಟ್‌ನಿಂದ ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಕೂಸನ್ನು ಎತ್ತಿಕೊಂಡು ಹೋಯಿತು ಅಂತ ತಾಯಿ ಲಿಂಡಿ ಆವತ್ತು ರಾತ್ರಿಯಿಂದಲೂ ಹೇಳಿದಳು. ಮೊದಲ ವಿಚಾರಣೆ ನಡೆಸಿದ ಅಧಿಕಾರಿ 1981ರಲ್ಲಿ ಅದನ್ನು ಒಪ್ಪಿದ್ದರು ಕೂಡ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಆಕೆ ಟೀವಿ ಮುಂದೆ ಅಳಲಿಲ್ಲ. ಜನಕ್ಕೆ ಅದೇ ಸಾಕಾಯಿತು. ಅವರ ಪಂಥ ಬೇರೆ, ಗಂಡ ಮೈಕಲ್ ಪಾದ್ರಿ, ಕೂಸಿನ ಹೆಸರಿಗೆ "ಕಾಡಿನಲ್ಲಿ ಬಲಿ" ಅಂತ ಅರ್ಥವಂತೆ ಅಂತ ಗಾಳಿಸುದ್ದಿ ಹಬ್ಬಿತು. ಶುದ್ಧ ಸುಳ್ಳು. ಆಮೇಲೆ ಅವರ ಕಾರಿನಲ್ಲಿ ಎಳೆಗೂಸಿನ ರಕ್ತ ಸಿಕ್ಕಿತು ಅಂತ ಲ್ಯಾಬ್ ಹೇಳಿತು. 1982ರ ಅಕ್ಟೋಬರ್‌ನಲ್ಲಿ ತುಂಬು ಗರ್ಭಿಣಿ ಲಿಂಡಿಗೆ ಜೀವಾವಧಿ. ಮೈಕಲ್‌ಗೂ ಶಿಕ್ಷೆ, ಆದರೆ ಜೈಲಿಗೆ ಕಳಿಸದೆ ಅಮಾನತಿನಲ್ಲಿಟ್ಟರು. ಮುಂದಿನ ತಿಂಗಳೇ ಲಿಂಡಿಗೆ ಹೆಣ್ಣುಮಗು ಆಯಿತು, ಹುಟ್ಟಿದ ಕೂಡಲೇ ತೆಗೆದುಕೊಂಡು ಹೋದರು.

ಆ "ರಕ್ತ" ಏನು ಗೊತ್ತಾ? ಕಾರ್ ಕಂಪನಿಯವರು ಸದ್ದು ಕಮ್ಮಿಯಾಗಲಿ ಅಂತ ಒಳಗೆ ಸಿಂಪಡಿಸಿದ್ದ ಅಂಟು.

ಪ್ರಯೋಗಶಾಲೆ:

ಹೌದು, ಆ ಅಂಟಿನ ಮೇಲೆ ನಡೆದ ಪರೀಕ್ಷೆಯನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನಾಚಿಕೆ ಆಗುತ್ತದೆ. ನಾನು ಮಾಡಿದ್ದಲ್ಲ, ಆದರೂ.

ನಡುರಾತ್ರಿ:

ಕೇಸು ತಿರುಗಿದ್ದು ಹೇಗೆ ಅಂದರೆ, 1986ರಲ್ಲಿ ಅದೇ ಬಂಡೆಯಿಂದ ಬಿದ್ದು ಸತ್ತ ಒಬ್ಬ ಪ್ರವಾಸಿಯನ್ನು ಹುಡುಕುವಾಗ, ಡಿಂಗೊಗಳ ಗವಿಗಳಿರುವ ಜಾಗದಲ್ಲಿ ಕೂಸಿನ ಅಂಗಿ ಸಿಕ್ಕಿತು. ಮೊದಲಿಂದಲೂ ತಾಯಿ "ಮೇಲೊಂದು ಅಂಗಿ ಹಾಕಿದ್ದೆ" ಅನ್ನುತ್ತಿದ್ದಳು, ಸರ್ಕಾರದ ಕಡೆಯವರು ಅಂಥ ಅಂಗಿಯೇ ಇರಲಿಲ್ಲ ಅಂತ ವಾದಿಸಿದ್ದರು. ಕೆಲವೇ ದಿನದಲ್ಲಿ ಬಿಡುಗಡೆ. 1988ರಲ್ಲಿ ಇಬ್ಬರ ಶಿಕ್ಷೆಯೂ ರದ್ದು. ಅಷ್ಟಾದರೂ ಮಗುವಿನ ಸಾವಿಗೆ ಡಿಂಗೊ ಕಾರಣ ಅಂತ ಅಧಿಕೃತವಾಗಿ ದಾಖಲಾಗಿದ್ದು 2012ರ ಜೂನ್‌ನಲ್ಲಿ, ನಾಲ್ಕನೇ ವಿಚಾರಣೆಯಲ್ಲಿ. 32 ವರ್ಷ ಒಂದು ಮರಣಪತ್ರಕ್ಕೆ. ಅಷ್ಟರೊಳಗೆ ಗಂಡ ಹೆಂಡತಿ ಬೇರೆಯಾಗಿ ಎಷ್ಟೋ ವರ್ಷ ಆಗಿತ್ತು.

ಗುಬ್ಬಚ್ಚಿ:

ನಾನು ಇಲ್ಲಿ ಬರೀ ಓದುವವಳು. ಅಳದಿದ್ದರೆ ತಪ್ಪಿತಸ್ಥೆ ಅನ್ನೋ ಮಾತು ನೋಡಿ ಬರೆಯಲೇಬೇಕು ಅನಿಸಿತು.

ನಮ್ಮ ಅಪ್ಪನ ಮೇಲೆ ಅವರು ಕೆಲಸ ಮಾಡುತ್ತಿದ್ದ ಕಡೆ ಹಣ ದುರುಪಯೋಗದ ಕೇಸು ಹಾಕಿದ್ದರು. ನಾನು ಆಗ ಎಂಟನೇ ಕ್ಲಾಸು. ಆರು ವರ್ಷ ನಡೆಯಿತು. ಅಮ್ಮನ ಖಾತೆಯಲ್ಲಿದ್ದ ದುಡ್ಡು ಅಪ್ಪ ಕದ್ದಿದ್ದು ಅಂತ ಅಮ್ಮನನ್ನೂ ಸೇರಿಸಿದರು. ಅದು ಅಜ್ಜಿ ಸತ್ತ ಮೇಲೆ ಬಂದ ದುಡ್ಡು. ಅಮ್ಮ ಎಲ್ಲೂ ಅಳಲಿಲ್ಲ. ಸ್ಟೇಷನ್‌ನಲ್ಲೂ ಇಲ್ಲ, ಕೋರ್ಟಲ್ಲೂ ಇಲ್ಲ. "ಎಂಥಾ ಗಟ್ಟಿ ಹೆಂಗಸು ನೋಡು" ಅಂತ ನೆಂಟರೇ ಆಡಿಕೊಂಡರು. ಅಳಲು ಅವರಿಗೆ ಪುರುಸೊತ್ತಿರಲಿಲ್ಲ ಅಷ್ಟೇ. ಒಂದು ಬಟ್ಟೆಚೀಲದಲ್ಲಿ ಎಲ್ಲ ಕಾಗದ ಜೋಡಿಸಿ ಇಡುತ್ತಿದ್ದರು. ಯಾವ ದಿನ ಯಾರು ಬಂದರು, ಏನು ತಗೊಂಡು ಹೋದರು, ಮುಂದಿನ ವಾಯಿದೆ ಯಾವಾಗ, ಎಲ್ಲ ನನ್ನ ಹಳೇ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ. ಕೊನೆಗೆ ಕೇಸು ಬಿದ್ದುಹೋಗಿದ್ದು ಆ ನೋಟ್‌ಬುಕ್ಕಿಂದಲೇ. ಒಂದು ಸಹಿ ಹಾಕಿದ ದಿನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದರು ಅಂತ ಅದರಲ್ಲಿತ್ತು. ಆ ತಾರೀಖು ಹಿಡಿದುಕೊಂಡು ಹೋಗಿ ಆಸ್ಪತ್ರೆಯ ದಾಖಲೆ ತಂದೆವು.

ಇಬ್ಬರೂ ಖುಲಾಸೆಯಾದರು. ತೀರ್ಪಿನಲ್ಲಿ "ಸಂಶಯದ ಲಾಭ" ಅಂತ ಬರೆದಿದೆ. ಆ ಎರಡು ಪದ ಅಪ್ಪನನ್ನು ತಿಂದುಹಾಕಿತು. ತೀರ್ಪಿನ ಕೊನೇ ಪುಟದ ಜೆರಾಕ್ಸ್ ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಮಡಿಕೆಯಲ್ಲಿ ಹರಿದರೆ ಇನ್ನೊಂದು ಜೆರಾಕ್ಸ್. ಇಷ್ಟು ವರ್ಷದಲ್ಲಿ ಯಾರೊಬ್ಬರೂ ತೋರಿಸಿ ಅಂತ ಕೇಳಿಲ್ಲ.

ನೇರಮಾತು:

ಗುಬ್ಬಚ್ಚಿ ಮೇಡಂ, ನನ್ನ ಹೊಗೆ ಬೆಂಕಿ ಮಾತು ವಾಪಸ್ ತಗೊಂಡೆ. ಒಂದು ಪ್ರಶ್ನೆ ಮಾತ್ರ ಇದೆ. ಮನೆಯವರು ಕೈಬಿಡದೆ ಇದ್ದರೆ ಸತ್ಯ ಹೊರಗೆ ಬರುತ್ತದೆ ಅನ್ನೋ ಹಾಗೆ ಇದೆ ಇಲ್ಲಿನ ಚರ್ಚೆ. ಮನೆಯವರೇ ನಂಬದಿದ್ದರೆ?

ನಡುರಾತ್ರಿ:

ಒಳ್ಳೇ ಪ್ರಶ್ನೆ. ಎರಡು ಕೇಸು ಪಕ್ಕಪಕ್ಕ ಇಟ್ಟು ನೋಡಿ.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್. 1996ರಲ್ಲಿ ಒಂದು ಗಂಡುಕೂಸು, 1998ರಲ್ಲಿ ಇನ್ನೊಂದು, ಎರಡೂ ಇದ್ದಕ್ಕಿದ್ದ ಹಾಗೆ ತೀರಿಕೊಂಡವು. 1999ರಲ್ಲಿ ತಾಯಿಗೆ ಜೀವಾವಧಿ. ಒಬ್ಬ ದೊಡ್ಡ ಮಕ್ಕಳ ತಜ್ಞರು ಕೋರ್ಟಿನಲ್ಲಿ, ಇಂಥ ಮನೆಯಲ್ಲಿ ಎರಡು ಕೂಸು ಹಾಗೆ ಸಾಯುವ ಸಂಭವ 7.3 ಕೋಟಿಗೆ ಒಂದು ಅಂದಿದ್ದರು. ಲೆಕ್ಕ ಹೇಗೆ ಮಾಡಿದ್ದು ಅಂದರೆ, ಒಂದು ಸಾವಿಗೆ 8,543ಕ್ಕೆ ಒಂದು, ಅದನ್ನು ಅದರಿಂದಲೇ ಗುಣಿಸಿದ್ದು. ಒಂದೇ ತಂದೆತಾಯಿ, ಒಂದೇ ರಕ್ತ, ಒಂದೇ ಮನೆ. ಆ ಎರಡು ಸಾವು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ನಾಣ್ಯ ಚಿಮ್ಮಿದ ಹಾಗಾ? ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿಯೇ ಇದು ತಪ್ಪು ಎಂದಿತು. ಅದಕ್ಕಿಂತ ದೊಡ್ಡದು, ಎರಡನೇ ಕೂಸಿಗೆ ಸೋಂಕು ಇತ್ತು ಅನ್ನುವ ಲ್ಯಾಬ್ ವರದಿ ವಕೀಲರಿಗೆ ಕೊಟ್ಟೇ ಇರಲಿಲ್ಲ. ಗಂಡ, ಅವರೂ ವಕೀಲರೇ, ಹೆಂಡತಿಯ ಪರ ಕಡೇವರೆಗೂ ನಿಂತರು. 2003ರ ಜನವರಿಯಲ್ಲಿ ಶಿಕ್ಷೆ ರದ್ದು.

ಈಗ ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್. ನಾಲ್ಕು ಮಕ್ಕಳ ಸಾವು, 2003ರಲ್ಲಿ ಶಿಕ್ಷೆ. ಇಲ್ಲಿ ಗಂಡ ಸರ್ಕಾರದ ಪರ ಸಾಕ್ಷಿ. ಆಕೆಯ ಡೈರಿಯನ್ನು ಪೊಲೀಸರಿಗೆ ಕೊಟ್ಟಿದ್ದೇ ಅವನು. ದುಃಖದಲ್ಲಿ ತಾಯಿ ತನ್ನನ್ನೇ ಬೈದುಕೊಂಡು ಬರೆದ ಸಾಲುಗಳನ್ನು ತಪ್ಪೊಪ್ಪಿಗೆ ಅಂತ ಓದಿದರು. ಆಕೆಗಾಗಿ ಓಡಾಡಿದ್ದು ಶಾಲೆಯ ಕಾಲದ ಗೆಳತಿಯರು ಮತ್ತು ವಿಜ್ಞಾನಿಗಳು. ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯ ನಿಲ್ಲಿಸಬಲ್ಲ ಕಾಲ್ಮೊಡ್ಯುಲಿನ್ ಜೀನ್ ದೋಷ ಇತ್ತು ಅಂತ ತೋರಿಸಿದರು. 2023ರ ಜೂನ್‌ನಲ್ಲಿ ಕ್ಷಮಾದಾನ, ಡಿಸೆಂಬರ್‌ನಲ್ಲಿ ಶಿಕ್ಷೆ ರದ್ದು. 20 ವರ್ಷ ಒಳಗಿದ್ದಳು.

ಹಾಗಾಗಿ ಮನೆಯವರೇ ಆಗಬೇಕು ಅಂತಿಲ್ಲ. ಯಾರೋ ಒಬ್ಬರು ಕಾಗದ ಬಿಡದೆ ಓದಬೇಕು. ಅಂದಹಾಗೆ ಸ್ಯಾಲಿ ಹೊರಗೆ ಬಂದು ನಾಲ್ಕೇ ವರ್ಷಕ್ಕೆ, 2007ರಲ್ಲಿ ತೀರಿಕೊಂಡಳು. ಗಂಡ ಜೊತೆಗೇ ಇದ್ದರೂ.

ಬೆರಳಚ್ಚು:

ಫ್ರಾನ್ಸಿನ ಊಟ್ರೋ ಕೇಸನ್ನು ಯಾರೂ ಹೇಳಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಕೇಸು. ನಿಜವಾದ ಅಪರಾಧಿಗಳು ನಾಲ್ವರಿದ್ದರು, ಅವರ ಜೊತೆ ಏನೂ ಮಾಡದ 13 ಜನರನ್ನು ಎಳೆದರು. ಮುಖ್ಯ ಆರೋಪಿ ಹೆಂಗಸು 2004ರಲ್ಲಿ ಕೋರ್ಟಿನಲ್ಲೇ, ಇವರ ಬಗ್ಗೆ ಸುಳ್ಳು ಹೇಳಿದೆ ಅಂದಳು. ಆದರೂ ಏಳು ಜನ ಮಾತ್ರ ಖುಲಾಸೆ, ಉಳಿದ ಆರು ಜನಕ್ಕೆ 2005ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಇನ್ನೊಬ್ಬ ವಿಚಾರಣೆಗೆ ಮೊದಲೇ ಜೈಲಿನಲ್ಲಿ ಸತ್ತಿದ್ದ. ಅವರ ಮಕ್ಕಳನ್ನು ಸರ್ಕಾರ ಬೇರೆ ಮನೆಗಳಲ್ಲಿ ಇಟ್ಟಿತ್ತು. ಅಪ್ಪ ಅಮ್ಮ ಹೊರಬಂದಾಗ ಮಕ್ಕಳು ಅಪರಿಚಿತರಾಗಿದ್ದರು. ನನಗೆ ಜೈಲಿಗಿಂತ ಅದೇ ಜಾಸ್ತಿ ಘೋರ ಅನಿಸುತ್ತದೆ.

ಪರಿಹಾರ ಅಂತ ಏನಾದರೂ ಸಿಗುತ್ತದಾ ಇಂಥವರಿಗೆ? ಕಪ್ಪುಕೋಟು ಸರ್ ಹೇಳಬೇಕು.

ಕಪ್ಪುಕೋಟು:

ದೇಶಕ್ಕೊಂದು ತರ. ಚೇಂಬರ್ಲೇನ್ ದಂಪತಿಗೆ 1992ರಲ್ಲಿ 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟರು. ಇಂಗ್ಲೆಂಡಿನಲ್ಲಿ ಕಾನೂನೇ ಇದೆ, ಆದರೆ 2014ರಲ್ಲಿ ಅದನ್ನು ಎಷ್ಟು ಬಿಗಿ ಮಾಡಿದರು ಅಂದರೆ, ಶಿಕ್ಷೆ ರದ್ದಾದರೆ ಸಾಲದು, ನಾನು ಮಾಡಿಲ್ಲ ಅಂತ ಸಂಶಯಕ್ಕೆ ಎಡೆಯಿಲ್ಲದ ಹಾಗೆ ನಾನೇ ತೋರಿಸಬೇಕು. ತಪ್ಪು ಮಾಡಿದವರು ಸರ್ಕಾರದವರು, ಸಾಬೀತು ಮಾಡುವ ಕೆಲಸ ನಮ್ಮದು.

ಭಾರತದಲ್ಲಿ ಇದಕ್ಕೆ ಅಂತಲೇ ಒಂದು ಕಾಯ್ದೆ ಬೇಕು ಅಂತ ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು. ಕೋರ್ಟುಗಳು ಸಂವಿಧಾನದ 21ನೇ ವಿಧಿ ಹಿಡಿದು ಒಂದೊಂದೇ ಕೇಸಿನಲ್ಲಿ ಕೊಡಿಸುತ್ತವೆ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಬೇಹುಗಾರಿಕೆ ಅಂತ ಬಂಧಿಸಿದ್ದರು. ಅದು ಸುಳ್ಳು ಕೇಸು ಅಂತ 1996ರಲ್ಲೇ ಸಿಬಿಐ ಹೇಳಿತ್ತು. ಸುಪ್ರೀಂ ಕೋರ್ಟು 50 ಲಕ್ಷ ಕೊಡಿ ಅಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಎಲ್ಲರಿಗೂ ಅಷ್ಟು ದೂರ ಹೋಗುವ ತಾಕತ್ತು ಇರುವುದಿಲ್ಲ ಅಲ್ವಾ.

ಇನ್ನು ಗುಬ್ಬಚ್ಚಿ ಅವರೇ, ನಿಮ್ಮ ಅಪ್ಪನವರಿಗೆ ಒಂದು ಮಾತು ತಲುಪಿಸಿ. ಮೇಲಿನ ಕೇಸುಗಳಲ್ಲಿ ನೋಡಿದಿರಲ್ಲ, ಕೋರ್ಟುಗಳು ಬಿಡುವಾಗ ಒಳ್ಳೇ ಮಾತು ಬರೆಯುವುದು ಕಮ್ಮಿ. ಮ್ಯಾಗ್ವೈರ್ ಮನೆಯವರಿಗೂ ಸಿಕ್ಕಿದ್ದು ಟವಲ್ಲಿನ ಕಥೆಯೇ. "ಸಂಶಯದ ಲಾಭ" ಅನ್ನೋದು ಬರೆಯುವವರ ಅಭ್ಯಾಸ. ಅದಕ್ಕೂ ನಿಮ್ಮ ಅಪ್ಪನಿಗೂ ಸಂಬಂಧ ಇಲ್ಲ.

ಇನ್ನೊಂದು ಕೆಲಸದ ಮಾತು. ಜೆರಾಕ್ಸ್ ನಂಬಿಕೊಂಡು ಕೂರಬೇಡಿ. ಹಳೇ ಕೇಸಿನ ಕಡತಗಳನ್ನು ಇಷ್ಟು ವರ್ಷ ಆದಮೇಲೆ ಕೋರ್ಟುಗಳು ನಾಶ ಮಾಡುತ್ತವೆ. ಪೂರ್ತಿ ತೀರ್ಪಿನ ದೃಢೀಕೃತ ಪ್ರತಿಗೆ ಈಗಲೇ ಅರ್ಜಿ ಹಾಕಿ. ಬರೀ ಕೊನೇ ಪುಟ ಅಲ್ಲ, ಆಸ್ಪತ್ರೆಯ ದಾಖಲೆ ಬಗ್ಗೆ ಬರೆದಿರುವ ಪುಟವೂ ಬೇಕು. ನಿಮ್ಮ ಅಪ್ಪ ಜೇಬಿನಲ್ಲಿ ಇಟ್ಟುಕೊಂಡಿರುವುದು ತಪ್ಪು ಪುಟ ಅಂತ ನನಗೆ ಅನುಮಾನ.

ಗುಬ್ಬಚ್ಚಿ:

ಸರ್, ಈಗ ಅಮ್ಮನ ಚೀಲ ತೆಗೆದು ನೋಡಿದೆ. ನೀವು ಹೇಳಿದ್ದು ಸರಿ. ಆಸ್ಪತ್ರೆಯ ಮಾತು 11ನೇ ಪುಟದಲ್ಲಿದೆ. "ಆ ದಿನ ಆರೋಪಿ ಅಲ್ಲಿರಲಿಲ್ಲ" ಅಂತ ನೇರವಾಗಿ ಬರೆದಿದ್ದಾರೆ. ನಾವ್ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ, ಎಲ್ಲರೂ ಕೊನೇ ಪುಟ ತಿರುಗಿಸಿದವರೇ. ಅಪ್ಪ ಮಲಗಿದ್ದಾರೆ, ಬೆಳಿಗ್ಗೆ ಓದಿ ಹೇಳುತ್ತೇನೆ. ದೃಢೀಕೃತ ಪ್ರತಿ ಎಷ್ಟು ತಗೊಳ್ಳಲಿ?

ಕಪ್ಪುಕೋಟು:

ಎರಡು ತಗೊಳ್ಳಿ. ಜೇಬಿಗೆ 11ನೇ ಪುಟದ ಜೆರಾಕ್ಸ್ ಸಾಕು.